ಹೊನ್ನಮ್ಮನ ಸುಣ್ಣ

ಕಡಲಿನ ಭರತದ ಉಬ್ಬರ ಏರುತ್ತಿದ್ದಂತೆ ಕಡವೆ ಹೊಳೆಯ ಅಳಿವೆಯಲ್ಲಿ ಹನ್ನೆರಡು ಲಕ್ಷ ಬಳಚುಗಳು, ಆ ಚಿಪ್ಪುಜೀವಿಗಳು, ಎಂದಿನಂತೆ ಚಿಪ್ಪು ತೆರೆದು ನೀರು ಕುಡಿಯತೊಡಗಿದವು. ಇವು ಹಿಂದೆ ಊರಿನವರ ಸಾರಿನ ಪಾತ್ರೆಗೆ ಬೀಳುತ್ತಿದ್ದ ಬಳಚುಗಳಲ್ಲ, ಡಾ. ಮೃದುಲಾ ನಾಡಕರ್ಣಿ ಪ್ರಯೋಗಾಲಯದಲ್ಲಿ ರೂಪಿಸಿದ ಲೋಹಗ್ರಾಹಿಗಳು. ಹೊಳೆಯ ಮೇಲ್ಭಾಗದ ಬ್ಯಾಟರಿ ಕಾರ್ಖಾನೆಗಳು ಹೊಳೆಗೆ ಬಿಟ್ಟ ಸೀಸವನ್ನು ಹೀರಿ, ಅದನ್ನು ತಮ್ಮ ಚಿಪ್ಪಿನೊಳಗೆ ಗಟ್ಟಿ ಮಾಡಿಟ್ಟು, ಶುದ್ಧ ನೀರನ್ನು ಹೊರಬಿಡುವುದು ಅವುಗಳ ಕೆಲಸ. ದಡದ ಕಂಬದಲ್ಲಿ ನೀರಿನ ಗುಣ ತೋರಿಸುವ ದೀಪವೊಂದಿತ್ತು. ಬಳಚು ಬಿಟ್ಟಾಗಿನಿಂದ ಹನ್ನೊಂದು ವರ್ಷ ಕೆಂಪಾಗಿಯೇ ಉರಿದ ಆ ದೀಪ ಅಂದು ಬೆಳಿಗ್ಗೆ ಹಸಿರಾಯಿತು.

ಊರೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ಮೃದುಲಾಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿ. ಆಗಲೇ ಸುಣ್ಣದ ಹೊನ್ನಮ್ಮ ಎಂದು ಹೆಸರಾದ ಮುದುಕಿ ಬಂದು, ಕೈ ಹಿಡಿದು ತನ್ನ ಮನೆಗೆ ಕರೆದೊಯ್ದಳು.

ಅಲ್ಲಿ ಸೊಸೆ ಸುಮಿತ್ರಾಳ ಮಡಿಲಲ್ಲಿ ಮೊಮ್ಮಗನಿದ್ದ. ಹದಿನಾಲ್ಕು ತಿಂಗಳಾದರೂ ಕೂರುತ್ತಿರಲಿಲ್ಲ; ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ.

“ನೀರು ಚಲೋ ಆಯ್ತಲ್ರಾ. ಇವ ಎಂತಕ್ಕೆ ಹಿಂಗೆ?”

ಮೃದುಲಾ ಅಂಗೈಯಗಲದ ಲೋಹಮಾಪಕವನ್ನು ಮಗುವಿನ ಹಿಮ್ಮಡಿಗೆ ಹಿಡಿದಳು. ಕೆಂಪು.

“ಹೊನ್ನಕ್ಕಾ, ಬಳಚು ತಿಂದಿದ್ರಾ?”

“ದೇವರಾಣೆ ಇಲ್ಲ! ಮಾಂಸ ತಿನ್ಬೇಡಿ ಅಂತ ನೀವೇ ಬೋರ್ಡು ಹಾಕ್ಸಿದ್ರಿ. ಮೂಸಿ ಸಹ ನೋಡ್ಲಿಲ್ಲ ನಾವು.”

ಅದು ನಿಜವೇ. ಇಷ್ಟು ಮಾತು ಕೇಳುವ ಊರನ್ನು ಮೃದುಲಾ ಬೇರೆಲ್ಲೂ ಕಂಡಿರಲಿಲ್ಲ. ಬಾವಿಯ ನೀರು, ಅಕ್ಕಿ, ಮೀನು, ಎಲ್ಲವನ್ನೂ ಅಳೆದಳು. ಎಲ್ಲ ಹಸಿರು. ಸುಸ್ತಾಗಿ ಜಗಲಿಯಲ್ಲಿ ಕೂತಳು. ಮನೆಗೆ ಬಂದವರು ಹಾಗೇ ಹೋಗಬಾರದೆಂದು ಹೊನ್ನಮ್ಮ ಎಲೆಯಡಿಕೆಯ ತಟ್ಟೆ ಮುಂದಿಟ್ಟಳು. ಮೃದುಲಾ ಏನೋ ಯೋಚಿಸುತ್ತಲೇ ಮಾಪಕವನ್ನು ತಟ್ಟೆಯ ಮೇಲೂ ಆಡಿಸಿದಳು. ಎಲೆ ಹಸಿರು, ಅಡಿಕೆ ಹಸಿರು. ಸುಣ್ಣದ ಡಬ್ಬಿಯ ಮೇಲೆ ಬಂದಾಗ ಮಾಪಕ ಕೆಂಪಾಗಿ ಕೂಗಿಕೊಂಡಿತು.

“ಈ ಸುಣ್ಣ ಎಲ್ಲಿಯದು?”

“ನಾನೇ ಸುಟ್ಟಿದ್ದು. ಎರಡು ವರ್ಷದಿಂದ ದಡದ ನಿಮ್ಮ ಶೆಡ್ಡಿನ ಹಿಂದೆ ಸತ್ತ ಬಳಚಿನ ಚಿಪ್ಪಿ ರಾಶಿ ಬೀಳ್ತಿತ್ತಲ. ಮಾಂಸ ಎಲ್ಲ ನಿಮ್ಮೋರು ಹೂತಿದ್ರು. ಬರೀ ಚಿಪ್ಪಿ, ಎಷ್ಟು ಬೆಳ್ಳಗೆ! ಬಸುರಿಗೆ, ಬಾಣಂತಿಗೆ ಸುಣ್ಣ ಬೇಕಲ್ರಾ. ಇವಳಿಗೆ ದಿನಾ ನಾನೇ ಎಲೆ ಮಡಚಿ ಕೊಟ್ಟೆ.”

ಮೃದುಲಾ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಚಿಪ್ಪಿಗೆ ಹೋದ ಸೀಸ ಹೊರಗೆ ಬರದೆಂದು ಅವಳು ಹನ್ನೊಂದು ವರ್ಷ ಸಾಧಿಸಿ ತೋರಿಸಿದ್ದಳು. ಆ ಚಿಪ್ಪನ್ನು ಸುಟ್ಟು ಬಾಯಿಗೆ ಹಾಕಿಕೊಳ್ಳುವವರಿದ್ದಾರೆಂದು ಯಾರಿಗೂ ಹೊಳೆದಿರಲಿಲ್ಲ. ಅವಳ ಪ್ರಯೋಗಾಲಯದಲ್ಲಿ ಎಲೆಯಡಿಕೆ ಹಾಕುವವರೇ ಇರಲಿಲ್ಲ.

“ಮಗಿನ ಮೈಯಿಂದ ತೆಗೀಲಿಕ್ಕೆ ಬರೂದಿಲ್ವಾ?” ಸುಮಿತ್ರಾ ಮೊದಲ ಸಲ ಬಾಯಿಬಿಟ್ಟಳು.

“ರಕ್ತದಲ್ಲಿರೋದನ್ನ ಸ್ವಲ್ಪ ತೆಗೀಬಹುದು. ಮಿದುಳಿಗೆ ಆಗಿಹೋದದ್ದು...” ಮೃದುಲಾ ಮಾಪಕವನ್ನು ಆರಿಸಿದಳು.

“ಎಂಟು ಊರಿಗೆ ನನ್ನ ಸುಣ್ಣವೇ ಹೋಗೂದು,” ಎಂದಳು ಹೊನ್ನಮ್ಮ, ಮೆಲ್ಲಗೆ.

ಅವಳು ಎದ್ದು, ಒಳಗಿದ್ದ ಸುಣ್ಣದ ಮಡಕೆಯನ್ನು ಎತ್ತಿಕೊಂಡು ಅಂಗಳಕ್ಕಿಳಿದಳು. ಒಂದು ಕಡೆ ಬಾವಿ, ಇನ್ನೊಂದು ಕಡೆ ಬಸಳೆ ಚಪ್ಪರ. ಎರಡೂ ಕಡೆ ಚೆಲ್ಲುವಂತಿರಲಿಲ್ಲ. ನೇರ ಹೊಳೆಯ ದಡಕ್ಕೆ ಹೋಗಿ ಮಡಕೆ ಬಗ್ಗಿಸಹೊರಟವಳು ಹಸಿರು ದೀಪ ಕಂಡು ತಡೆದು ನಿಂತಳು.

“ಡಾಕ್ಟ್ರಮ್ಮಾ, ಇದನ್ನ ಎಲ್ಲಿ ಚೆಲ್ಲೂದ್ರಾ?”

ಹಿಂದೆಯೇ ಬಂದಿದ್ದ ಮೃದುಲಾ ಹೊಳೆ ನೋಡಿದಳು, ಬಾವಿ ನೋಡಿದಳು. ಕೊನೆಗೆ ಭಾರವಾದ ಆ ಮಡಕೆಯ ಒಂದು ಬದಿಯನ್ನು ತಾನೂ ಹಿಡಿದುಕೊಂಡು ನಿಂತಳು.