‘ಬ್ಯಾಡಾದ್ದು’ ಎಂಬ ಫೈಲು

ಜಗಳ ಹತ್ತಿದ್ದು ತೊಟ್ಟಿಲ ಕಾರ್ಯದಲ್ಲಿ.

ಬೇಡಕಿಹಾಳದ ಧರೆಪ್ಪ, ಪಾಲಬಾವಿಯ ಭೀಮಸಿ ಬೀಗರು. ಮೊಮ್ಮಗನಿಗೆ ಹೆಸರಿಟ್ಟು ಹೋಳಿಗೆ ಊಟಕ್ಕೆ ಕೂತಾಗ ಧರೆಪ್ಪ ಜೇಬಿನಿಂದ ಒಂದು ಚೀಟಿ ತೆಗೆದು, ಮುಂದಿನ ಹಂಗಾಮಿನಲ್ಲಿ ಕಾರ್ಖಾನೆಯವರು ಮೊದಲು ಕಡಿಯುವುದು ತನ್ನ ಕಬ್ಬನ್ನೇ ಎಂದ. ಚೀಟಿಯಲ್ಲಿ ಒಂದನೇ ನಂಬರಿತ್ತು. ಭೀಮಸಿ ಎಂಜಲು ಕೈಯಲ್ಲೇ ಎದ್ದು ಹೋಗಿ ತನ್ನ ಚೀಟಿ ತಂದ. ಅದೇ ಕಾರ್ಖಾನೆ, ಅದೇ ಮುದ್ರೆ, ಅದರಲ್ಲೂ ಒಂದೇ. ಆಮೇಲೆ ಇಬ್ಬರೂ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಲಿಲ್ಲ.

ಮರುದಿನ ಇಬ್ಬರೂ ಕಾರ್ಖಾನೆಯ ಮುಖ್ಯ ಕಚೇರಿಗೆ ಬಂದರು. ಕಬ್ಬು ವಿಭಾಗದ ಮುಖ್ಯಸ್ಥ ಬಾಪುಸಾಹೇಬರು ಚೀಟಿ ಕೊಟ್ಟ ಇಬ್ಬರನ್ನೂ ಕರೆಸಿದರು. ಪಾಲಬಾವಿಯ ಶಾಖೆಯಿಂದ ಗುಮಾಸ್ತ ಸಮಾಧಾನ ಬಂದ, ಬೇಡಕಿಹಾಳದ ಶಾಖೆಯಿಂದ ಕಾಂಚನ ಬಂದಳು. ನಾಟಿ ಮಾಡಿದ ರೈತರು ಬಂದ ಹಾಗೆ ಅವರ ಹೆಸರನ್ನು ವರ್ಡ್‌ನಲ್ಲಿ ಟೈಪು ಮಾಡುವುದು ಇಬ್ಬರ ಕೆಲಸ. ಮೊದಲ ಕಾಲಮಿನ ಅನುಕ್ರಮ ನಂಬರು ತಾನಾಗಿ ಬೀಳುತ್ತಿತ್ತು. ಅಲ್ಲಿಯವರೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

“ಒಂದನೇ ನಂಬರ ಇಬ್ಬರಿಗೆ ಹೆಂಗ ಬಂತು?” ಬಾಪುಸಾಹೇಬರು ಕೇಳಿದರು.

“ನಂದು ಸರಿ ಐತ್ರಿ,” ಎಂದ ಸಮಾಧಾನ. “ಅವರದ ತಪ್ಪಿರಬೇಕು.”

ಕಾಂಚನ ಅವನತ್ತ ತಿರುಗಿದಳು. ಸಿಟ್ಟಿನ ನೋಟವಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಹುಳುಕಿದೆಯೋ ಇಲ್ಲವೋ ಎಂದು ನೋಡುತ್ತಾರಲ್ಲ, ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ತಪ್ಪ ಯಾರದೂ ಅಲ್ರಿ,” ಎಂದಳು ಬಾಪುಸಾಹೇಬರಿಗೆ. “ಕಂಪ್ಯೂಟರ್ ಒಂದ ಫೈಲಿನಾಗಷ್ಟ ಎಣಿಸತೈತಿ. ಹೊಸಾ ಫೈಲು ತಗದ್ರ ಮತ್ತ ಒಂದರಿಂದ ಚಾಲೂ ಮಾಡತೈತಿ. ಅವರ ಫೈಲಿಗೆ ನನ್ನ ಫೈಲು ಐತಿ ಅನ್ನೂದ ಗೊತ್ತಿಲ್ಲ.”

ಬಾಪುಸಾಹೇಬರು ಮೀಸೆ ತಿರುವಿ ತೀರ್ಪು ಕೊಟ್ಟರು. ಎರಡು ಶಾಖೆ ಸೇರಿ ಒಂದೇ ಪಟ್ಟಿ. ನೋಂದಣಿ ಮುಂಜಾನೆ ಬೇಡಕಿಹಾಳದಲ್ಲಿ, ಮಧ್ಯಾಹ್ನ ಪಾಲಬಾವಿಯಲ್ಲಿ. ಒಂದು ಗಂಟೆಗೆ ಕಾಂಚನ ಫೋನು ಮಾಡಿ ತನ್ನ ಕೊನೆಯ ನಂಬರು ಹೇಳಬೇಕು, ಸಮಾಧಾನ ಅಲ್ಲಿಂದ ಮುಂದುವರಿಸಬೇಕು. ಸಂಜೆ ಆರಕ್ಕೆ ಅವನು ತನ್ನ ಕೊನೆಯದನ್ನು ಹೇಳಬೇಕು. ಬೀಗರ ನಡುವೆ ಚೀಟಿ ಎತ್ತಿ ಭೀಮಸಿ ಒಂದು, ಧರೆಪ್ಪ ಎರಡು ಎಂದಾಯಿತು.

ಫೈಲಿನ ಆರಂಭದ ನಂಬರು ಬದಲಿಸುವುದು ಸಮಾಧಾನನಿಗೆ ಗೊತ್ತಿರಲಿಲ್ಲ. ಕಾಂಚನ ಅಲ್ಲೇ ಕಂಪ್ಯೂಟರಿನಲ್ಲಿ ತೋರಿಸಿದಳು. “ನಂಬರಿನ ಮ್ಯಾಲ ರೈಟ್ ಕ್ಲಿಕ್ ಮಾಡ್ರಿ. ಎಷ್ಟರಿಂದ ಅಂತ ಕೇಳತೈತಿ. ಅಷ್ಟ.” ಅವಳು ಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟಿದ್ದಳು. ಸಮಾಧಾನ ಅದನ್ನೇ ನೋಡುತ್ತಿದ್ದ. ಅವಳು ಮತ್ತೊಮ್ಮೆ ತೋರಿಸಬೇಕಾಯಿತು.

“ಎರಡನೇ ಸಲಾನೂ ನೋಡಲಿಲ್ಲ ನೀವು,” ಎಂದಳು.

“ನೋಡಿದ್ನಿರಿ.”

“ಸ್ಕ್ರೀನ್ ಇಲ್ಲಿ ಐತ್ರಿ.”

ಫೋನುಗಳು ಶುರುವಾದವು. ಮೊದಲ ವಾರ ನಂಬರು ಹೇಳುವುದು, “ಹೂಂರಿ” ಅನ್ನುವುದು, ಇಡುವುದು. ಎರಡನೇ ವಾರದ ಗುರುವಾರ ಮಧ್ಯಾಹ್ನ ಕಾಂಚನ “ಎರಡನೂರಾ ಹದಿನಾಲ್ಕ್ರಿ” ಎಂದವಳು ಫೋನು ಇಡಲಿಲ್ಲ.

“ಊಟ ಆತೇನ್ರಿ?”

“ಇಲ್ರಿ. ಈಗ ಡಬ್ಬಿ ಬಿಚ್ಚಾಕತ್ತಿದ್ನಿ.”

“ಏನೈತ್ರಿ?”

“ರೊಟ್ಟಿ, ಪುಂಡಿಪಲ್ಯ. ಮೊಸರ ಕಟ್ಟಿದ್ರ ಅವ್ವ, ಎರಡು ರೊಟ್ಟಿ ಹೆಚ್ಚ ತಿಂತಿದ್ನಿ.”

ಪುಂಡಿಪಲ್ಯದಿಂದ ಪ್ರೇಮ ಹುಟ್ಟುತ್ತದೆಂದು ಯಾರೂ ಬರೆದಿಲ್ಲ. ಆದರೆ ಆ ದಿನದಿಂದ ನಂಬರು ಹೇಳುವುದಕ್ಕೆ ಅರ್ಧ ನಿಮಿಷ, ಉಳಿದ ಮಾತಿಗೆ ಹತ್ತು ನಿಮಿಷ ಹಿಡಿಯತೊಡಗಿತು. ಸಂಜೆ ಆರಕ್ಕೆ ಅವನು ಫೋನು ಮಾಡಿದಾಗಲೆಲ್ಲ ಅವಳು “ನಿಂದರ್ರಿ, ಬರಕೊಂತೀನಿ” ಅನ್ನುತ್ತಿದ್ದಳು. ಪೆನ್ನಿನ ಟೊಪ್ಪಿಗೆ ತೆಗೆದ ಟಕ್ ಸದ್ದು ಅವನಿಗೆ ಕೇಳುತ್ತಿತ್ತು. ಆಮೇಲೆ, “ಹಾಂ, ಈಗ ಹೇಳ್ರಿ.” ಆ ಟಕ್ ಸದ್ದಿಗಾಗಿ ಅವನು ನಾಲ್ಕು ಗಂಟೆಯಿಂದಲೇ ಗಡಿಯಾರ ನೋಡುತ್ತಿದ್ದ.

ಒಂದು ದಿನ ಬೇಡಕಿಹಾಳದಲ್ಲಿ ಕರೆಂಟು ಹೋಗಿ ಒಂದೂವರೆಯಾದರೂ ಫೋನು ಬರಲಿಲ್ಲ. ಸಮಾಧಾನ ಬಂದ ರೈತರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದ್ದ. ಕಚೇರಿಯ ಕಸ ಹೊಡೆಯುವ ಸುಂದ್ರವ್ವ ಕಸಬರಿಗೆ ಗೋಡೆಗೆ ಆನಿಸಿ, “ಯಪ್ಪಾ, ಆ ಫೋನ್ ಬರಲಿಲ್ಲಂದ್ರ ಪಾಲಬಾವ್ಯಾಗ ಕಬ್ಬ ಬೆಳ್ಯಾಂಗಿಲ್ಲೇನು?” ಎಂದಳು. ಬೆಂಚೆಲ್ಲ ನಕ್ಕಿತು. ಅವನು ಮಾತ್ರ ನಗಲಿಲ್ಲ.

ಎರಡು ತಿಂಗಳು ಹೀಗೆ ನಡೆಯಿತು. ಸಾವಿರದ ಏಳುನೂರು ದಾಟಿದ್ದರು.

ಬುಧವಾರ ಮಧ್ಯಾಹ್ನ ಕಾಂಚನ ನಂಬರು ಹೇಳಿದ ಮೇಲೆ, “ಐತ್ವಾರ ಮನಿಗೆ ಮಂದಿ ಬರಾಕತ್ತಾರ್ರಿ,” ಎಂದಳು. “ರಾಯಬಾಗದವರು. ನನ್ನ ನೋಡಾಕ.”

“ಹೌದೇನ್ರಿ,” ಎಂದ ಸಮಾಧಾನ. “ಛಲೋ ಆತಲ್ರಿ.”

“ಹೂಂರಿ,” ಎಂದು ಅವಳು ಫೋನು ಇಟ್ಟಳು.

ಛಲೋ ಆಗಿರಲಿಲ್ಲ. ಅವಳು ಬೇಕು ಎಂದು ಅವನಿಗೆ ಗೊತ್ತಿತ್ತು, ಇಂದಲ್ಲ, ಆ ಕರೆಂಟು ಹೋದ ದಿನದಿಂದ. ಆದರೆ ಅದನ್ನು ಹೇಳಲು ಒಂದು ದಾರಿ ಬೇಕಲ್ಲ. ಅವನಿಗಿದ್ದ ದಾರಿ ನಂಬರೊಂದೇ. ನಂಬರಿನ ಬೆನ್ನ ಹಿಂದೆ ನಿಂತು ಎರಡು ತಿಂಗಳು ಮಾತಾಡಿದ ಮನುಷ್ಯನಿಗೆ ಮುಂದೆ ಬಂದು ನಿಲ್ಲಲು ಧೈರ್ಯವಾಗಲಿಲ್ಲ.

ಆ ದಾರಿಯೂ ಮುಚ್ಚುವುದರಲ್ಲಿತ್ತು. ಅದೇ ಸಂಜೆ ಬಾಪುಸಾಹೇಬರ ಮೆಸೇಜು ಬಂತು: ಚಿಕ್ಕೋಡಿಯಿಂದ ಕಂಪ್ಯೂಟರಿನ ನಿಲೇಶ ಬರುತ್ತಾನೆ, ಎಲ್ಲ ಫೈಲುಗಳ ನಂಬರು ತಾನಾಗಿ ಮುಂದುವರಿಯುವ ಹಾಗೆ ಜೋಡಿಸುತ್ತಾನೆ, ಇನ್ನು ಫೋನಿನ ಗದ್ದಲ ಬೇಡ, ಶುಕ್ರವಾರ ಇಬ್ಬರೂ ಹಾಜರಿರಬೇಕು.

ಗುರುವಾರ ಸಂಜೆಯ ಫೋನು ಕೊನೆಯದು. ಟಕ್ ಎಂದಿತು. ಅವನು ನಂಬರು ಹೇಳಿದ.

“ಮತ್ತೇನ್ರಿ?” ಎಂದಳು.

“ಏನಿಲ್ರಿ,” ಎಂದ ಆ ಹೇಡಿ.

ಶುಕ್ರವಾರ ನಿಲೇಶ ಗೋಡೆಯ ಮೇಲೆ ಪರದೆ ಬಿಟ್ಟು, ಎರಡೂ ಶಾಖೆಯವರು ಫೈಲು ಹಾಕಿಡುತ್ತಿದ್ದ ಫೋಲ್ಡರನ್ನು ತೆರೆದ. ಎಲ್ಲ ಫೈಲನ್ನೂ ಸರದಿಯಂತೆ ಒಂದು ಮಾಸ್ಟರ್ ಡಾಕ್ಯುಮೆಂಟಿನೊಳಗೆ ಸೇರಿಸಬೇಕು, ಆಗ ಒಂದು ಫೈಲು ಎಲ್ಲಿ ಮುಗಿಯಿತೋ ಅಲ್ಲಿಂದ ಮುಂದಿನದರ ನಂಬರು ತಾನೇ ಶುರುವಾಗುತ್ತದೆ ಎಂದು ವಿವರಿಸಿದ. ಪಟ್ಟಿಯನ್ನು ಕೆಳಗೆ ಜಾರಿಸುತ್ತ ಹೋದವನು ತಟ್ಟನೆ ನಿಂತ.

“ಈ ‘ಬ್ಯಾಡಾದ್ದು’ ಅನ್ನೋ ಫೈಲು ಯಾರದ್ರಿ?”

ಉತ್ತರಕ್ಕೂ ಕಾಯದೆ ಅವನೇ ತೆರೆದ. ತೆರೆದುಕೊಂಡದ್ದು ಪೂರ್ತಿ ಪಟ್ಟಿ. ಬೇಡಕಿಹಾಳ, ಪಾಲಬಾವಿ, ಮತ್ತೆ ಬೇಡಕಿಹಾಳ. ಒಂದರಿಂದ ಹಿಡಿದು ನಿನ್ನೆ ಸಂಜೆಯವರೆಗೆ ಒಂದು ನಂಬರೂ ಹೆಚ್ಚು ಕಡಿಮೆ ಇರಲಿಲ್ಲ.

“ನಾ ಇವತ್ತ ಮಾಡಾಕ ಬಂದದ್ದು ಇದನ್ನರಿ!” ಎಂದ ನಿಲೇಶ. “ಯಾರೋ ಎರಡು ತಿಂಗಳ ಹಿಂದನ ಮಾಡಿಟ್ಟಾರ.”

“ನಾನರಿ,” ಎಂದಳು ಕಾಂಚನ. ಅವಳು ಮಣಿಕಟ್ಟಿನ ಗಡಿಯಾರವನ್ನು ನೋಡುತ್ತಿದ್ದಳು.

ಬಾಪುಸಾಹೇಬರ ಹುಬ್ಬು ಮೇಲೇರಿತು. “ಮತ್ತ ದಿನಕ್ಕ ಎರಡ ಸಲ ಫೋನ್ ಯಾಕವ್ವ?”

“ನಂಬರ ತಾಳಿ ನೋಡಾಕ್ರಿ, ಸಾಹೇಬ್ರ. ಕಂಪ್ಯೂಟರ್ ನಂಬಾಕ ಬರಾಂಗಿಲ್ಲ.”

“ಶಹಾಣಿ ಹುಡಿಗಿ!” ಎಂದು ಬಾಪುಸಾಹೇಬರು ಎಲ್ಲರಿಗೂ ಚಹಾ ಹೇಳಿದರು.

ಆಗ ಅವಳು ಒಮ್ಮೆ ಮಾತ್ರ ಸಮಾಧಾನನ ಕಡೆ ನೋಡಿದಳು. ಕಿವಿಯವರೆಗೂ ಕೆಂಪಾಗಿದ್ದಳು.

ಹೊರಗೆ ಬೇವಿನ ಗಿಡದ ಕೆಳಗೆ ಅವಳು ಬಸ್ಸಿಗೆ ಕಾಯುತ್ತಿದ್ದಳು. ಅವನು ಹೋಗಿ ಎರಡು ಮಾರು ದೂರ ನಿಂತ.

“ದಿನಾ ಸಂಜೀಕ ‘ನಿಂದರ್ರಿ, ಬರಕೊಂತೀನಿ’ ಅಂತಿದ್ರಿ.”

“ಹೂಂರಿ.”

“ಏನ್ ಬರಕೊಂತಿದ್ರಿ?”

“ಏನೂ ಇಲ್ರಿ. ಪೆನ್ನಿನ ಟೊಪ್ಪಿಗಿ ತಗದು ಹಾಕತಿದ್ನಿ.”

“ಯಾಕ್ರಿ?”

ಕಾಂಚನ ರಸ್ತೆಯತ್ತ ನೋಡಿದಳು. “ನಂಬರ ತಾನ ಬರತಿತ್ರಿ. ನೀವು ಉಂಡೀರೋ ಇಲ್ಲೋ ಅನ್ನೂದು ಅದರಾಗ ಬರತಿದ್ದಿಲ್ಲ.”

ಈಗ ಹೇಳದಿದ್ದರೆ ಮತ್ತೆಂದೂ ಇಲ್ಲ ಎಂದು ಸಮಾಧಾನನಿಗೂ ಹೊಳೆಯಿತು. ಅವನ ಮಟ್ಟಿಗೆ ಅದು ದೊಡ್ಡ ಸಂಗತಿಯೇ.

“ಐತ್ವಾರ ಆ ಮಂದಿ ಬರೂದು ನನಗ ಸೇರಾಂಗಿಲ್ರಿ,” ಎಂದ.

“ಬುಧವಾರ ಛಲೋ ಆತು ಅಂದ್ರಿ.”

“ಸುಳ್ಳ ಹೇಳಿದ್ನಿರಿ. ನನಗ ನೀವು ಬೇಕ್ರಿ.”

ಅವಳು ಈ ಸಲ ಪೂರ್ತಿ ತಿರುಗಿ ನೋಡಿದಳು. ಅದೇ ಬದನೆಕಾಯಿ ಆರಿಸುವ ನೋಟ. ಈಗ ಮಾತ್ರ ಆರಿಸಿ ಮುಗಿದು ಚೀಲಕ್ಕೆ ಹಾಕಿಕೊಂಡವಳ ಹಾಗಿದ್ದಳು.

“ಎರಡು ತಿಂಗಳ ಬೇಕಾತೇನ್ರಿ ಇಷ್ಟ ಹೇಳಾಕ?”

“ಅವರು ಎಷ್ಟಕ್ಕ ಬರತಾರ್ರಿ?”

“ಹನ್ನೊಂದಕ್ಕ.”

“ನಾನೂ ಅವ್ವನೂ ಒಂಬತ್ತಕ್ಕ ಬಂದ್ರ?”

“ಎಂಟಕ್ಕ ಬರ್ರಿ,” ಎಂದಳು ಕಾಂಚನ. “ಒಂಬತ್ತಕ್ಕ ಅವ್ವ ಪ್ಯಾಟಿಗೆ ಹೋಗತಾಳ, ಅವರಿಗೆ ಪೇಢೆ ತರಾಕ. ಹೋಗೂ ಮೊದಲ ನಿಲ್ಲಸಬೇಕು.”

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಬಸ್ಸು ತಿರುವು ಮುಟ್ಟುವವರೆಗೆ ಮುಂದಕ್ಕೇ ನೋಡಿದಳು. ತಿರುವಿನಲ್ಲಿ ಒಂದೇ ಸಲ ಹಿಂದಕ್ಕೆ ನೋಡಿದಳು. ಅವನು ಅಲ್ಲೇ ನಿಂತಿದ್ದ.

ಸಂಜೆ ಸಮಾಧಾನ ಪಾಲಬಾವಿಯಲ್ಲಿ ಹೊಸ ಫೈಲು ತೆರೆದು ನಾಲ್ಕು ಹೆಸರು ಹಾಕಿದ. ನಂಬರುಗಳು ಅವನನ್ನು ಕೇಳದೆ ತಾವೇ ಮುಂದುವರಿದವು. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಸರಿಯಾಗಿ ಆರಕ್ಕೆ ಫೋನು ಹೊಡೆದುಕೊಂಡಿತು. ಸುಂದ್ರವ್ವ ಕಸಬರಿಗೆ ಕೈಬಿಟ್ಟು ಕಿವಿ ಕೊಟ್ಟಳು.

“ಅವ್ವಗ ಹೇಳಿದ್ನಿರಿ,” ಎಂದಳು ಕಾಂಚನ.

“ಏನಂದ್ರು?”

“ನಸುಕಿನ್ಯಾಗ ಬರೂ ಮಂದಿಗೆ ನಾಷ್ಟಾ ಏನ್ ಮಾಡೂಣು ಅಂದ್ಲು. ರೊಟ್ಟಿ ಅಂದ್ನಿ. ಮೊಸರ ಇದ್ರ ಎರಡ ಹೆಚ್ಚ ಬಡೀಬೇಕು ಅಂದ್ನಿ. ಒಂದ ಗಳಿಗಿ ನನ್ನ ಮಾರಿ ನೋಡಿದ್ಲು. ಆಮ್ಯಾಲ ರಾಯಬಾಗಕ್ಕ ಫೋನ್ ಮಾಡಿ ಬರೂದ ಬ್ಯಾಡಂತ ಹೇಳಿದ್ಲು.”

ಸಮಾಧಾನ ಫೋನು ಕಿವಿಗಿಟ್ಟುಕೊಂಡೇ ಕುರ್ಚಿಯಿಂದ ಎದ್ದು ನಿಂತ.

“ಅದೀರಿಲ್ರಿ?” ಎಂದಳು. “ಮನಿ ಗುರುತ ಹೇಳತೀನಿ. ಬಸ್‌ಸ್ಟ್ಯಾಂಡಿನಿಂದ ಎಡಕ್ಕ, ಬುದ್ಧವಿಹಾರದ ಹಿಂದ…”

“ನಿಂದರ್ರಿ,” ಎಂದ. “ಬರಕೊಂತೀನಿ.”

ಟಕ್ ಎಂದು ಪೆನ್ನಿನ ಟೊಪ್ಪಿಗೆ ತೆಗೆದ. ಆಮೇಲೆ ಅವಳು ಹೇಳಿದ್ದನ್ನೆಲ್ಲ ನಿಜವಾಗಿಯೂ ಬರೆದುಕೊಂಡ.