ಎರಡು ಬೆರಳು ಸಂದು

ಸಂಘಪಾಲ ಕರುಣಾಳನ್ನು ಮೊದಲ ದಿನವೇ ಕಳ್ಳಿ ಎಂದು ತಿಳಿದುಕೊಂಡ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ, ಬೇಕೆಂದಾಗ ತೆಗೆದು ಚುಚ್ಚುತ್ತಾಳೆ.

ತಪ್ಪು ಅವನೊಬ್ಬನದೇ ಅನ್ನುವ ಹಾಗೂ ಇರಲಿಲ್ಲ. ಸೇಡಂನ ಆ ಗಾರ್ಮೆಂಟ್ ಘಟಕದಲ್ಲಿ ಎಂಬತ್ತು ಹೊಲಿಗೆ ಮಷೀನು, ಎಂಬತ್ತು ಹೆಂಗಸರು. ಶಾಲೆ ಮಕ್ಕಳ ಶರ್ಟು ಹೊಲಿಯುತ್ತಾರೆ. ಬಟ್ಟೆ ಹಾಸಿ ಕತ್ತರಿಸುವ ಉದ್ದನೆಯ ಟೇಬಲ್ ಮಾತ್ರ ಗಂಡಸರದು. ಯಾಕೆ ಎಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಅಂಥದ್ದರಲ್ಲಿ ಊಟದ ಬಿಡುವಿನಲ್ಲಿ ಒಬ್ಬಳು ಆ ಟೇಬಲ್ಲಿನ ಕೆಳಗೆ ಕೂತು ಓಢಣಿ ತುಂಬ ಚಿಂದಿ ಆಯುತ್ತಿದ್ದಳು.

"ಏನ್ ತುಂಬ್ಕೊಳ್ಳಾಕತ್ತೀರಿ ಅಲ್ಲಿ?"

ಕರುಣಾ ತಲೆ ಎತ್ತಿದಳು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹುಬ್ಬಿಗೆಲ್ಲ ಗೆರೆ ಎಳೆಯುವ ಚಾಕ್‌ಪೀಸಿನ ಪುಡಿ ಹತ್ತಿದ ಒಬ್ಬ ಬಗ್ಗಿ ನೋಡುತ್ತಿದ್ದ. ಕಟಿಂಗ್ ಮಾಸ್ಟರ್ ಮಜೀದಸಾಬರ ಕೈಕೆಳಗಿನವನು.

"ನೀವು ಮಾಡಿದ ಹಾಳು ತುಂಬ್ಕೊಳ್ಳಾಕತ್ತೀನಿ," ಎಂದು ಅವಳು ಚಿಂದಿಯನ್ನು ನೆಲಕ್ಕೆ ಸುರಿದಳು. ಒಂದೊಂದೇ ತುಂಡನ್ನು ಜೋಡಿಸುತ್ತ ಹೋದಳು. "ಇಲ್ಲಿ ನೋಡ್ರಿ, ಇದರಾಗ ಒಂದು ಕಾಲರ್ ಬರ್ತಿತ್ತು. ಇಲ್ಲಿ ಎರಡು ಕಫ್. ಇಷ್ಟೆಲ್ಲಾ ನೆಲಕ್ಕ ಕೆಡವಿ ಶನಿವಾರಕ್ಕೊಮ್ಮೆ ಬೆಂಕಿ ಹಚ್ತೀರಿ. ಆ ಹೊಗಿ ನಮ್ಮ ಕಿಟಕಿಗೇ ಬರ್ತದ. ಕೆಮ್ಮೋರು ನಾವು."

ಬೈಯಲು ಬಂದವನು ಕೂತುಬಿಟ್ಟ. ತುಂಡುಗಳನ್ನೇ ನೋಡಿದ. ಆಮೇಲೆ ಅವಳನ್ನು ನೋಡಿದ, ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ.

"ಇದು ಎಲ್ಲಿ ಕಲ್ತ್ರಿ?"

"ಶಹಾಬಾದದಾಗ. ನಮ್ಮವ್ವನ ಕಡಿಂದ."

ಅವಳ ತಾಯಿ ಅನಸುಬಾಯಿ ಪರ್ಸಿ ಕಲ್ಲು ಹಾಸುವ ಹೆಂಗಸು. ಶಹಾಬಾದಿನ ಗಣಿಯಿಂದ ಚೌಕನೆಯ ಕಲ್ಲೆಲ್ಲ ಲಾರಿ ಹತ್ತಿ ಹೋದ ಮೇಲೆ ಉಳಿಯುವ ಒಡಕು ತುಂಡುಗಳಲ್ಲೇ ಅವಳು ಮಂದಿಯ ಅಂಗಳ ಹಾಸಿಕೊಡುತ್ತಿದ್ದಳು, ಸಂದಿಲ್ಲದ ಹಾಗೆ. ಕರುಣಾ ಅವ್ವನ ಕೈಗೆ ಕಲ್ಲು ಕೊಡುತ್ತಲೇ ಬೆಳೆದವಳು. ಮೂಲೆ, ವಾರೆ, ತಿರುವು ಅವಳ ಕಣ್ಣಿಗೆ ತಾವಾಗಿಯೇ ಕಾಣುತ್ತಿದ್ದವು.

ಶಹಾಬಾದಿನಿಂದ ವಾಡಿಗೆ ಬಂದು ಕರುಣಾ ಸೇಡಂ ರೈಲುಗಾಡಿ ಹಿಡಿಯುತ್ತಿದ್ದಳು. ಸಂಘಪಾಲ ಚಿತ್ತಾಪುರದಲ್ಲಿ ಹತ್ತುತ್ತಿದ್ದ. ಎರಡನೆಯ ವಾರದಿಂದ ಅವಳ ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿಯ ಚೀಲ ಕೂರತೊಡಗಿತು. ಯಾರು ಕೇಳಿದರೂ "ಮಂದಿ ಬರೋರಿದ್ದಾರ" ಎನ್ನುತ್ತಿದ್ದಳು. ಚಿತ್ತಾಪುರ ಬಂದ ಕೂಡಲೇ ಚೀಲ ಅವಳ ತೊಡೆಗೆ ಬರುತ್ತಿತ್ತು. ಅವಳು ಕಿಟಕಿಯ ಹೊರಗೆ ಬಹಳ ಮುಖ್ಯವಾದದ್ದೇನನ್ನೋ ನೋಡುತ್ತಿದ್ದಳು.

ಅವನು ಹಳೇ ಪೇಪರಿನ ಮೇಲೆ ತೋಳು, ಬೆನ್ನು, ಕಾಲರ್ ಬರೆದು ತೋರಿಸುತ್ತಿದ್ದ. ಬಟ್ಟೆಗೆ ಎಳೆ ಇರುತ್ತದೆ, ಎಳೆ ತಪ್ಪಿಸಿ ಇಟ್ಟರೆ ಶರ್ಟು ಸೊಟ್ಟ ಆಗುತ್ತದೆ ಎಂದು ಕಲಿಸಿದವನು ಅವನೇ. ಅವಳು ಕೇಳಿಸಿಕೊಳ್ಳುತ್ತಿದ್ದದ್ದು ಅರ್ಧ, ಉಳಿದರ್ಧ ಅವನ ಬೆರಳುಗಳನ್ನು ನೋಡುತ್ತಿದ್ದಳು. ಎರಡು ತುಂಡುಗಳ ನಡುವೆ ಚಾಕಿನ ಒಂದು ಗೆರೆಗಿಂತ ಹೆಚ್ಚು ಜಾಗ ಬಿಟ್ಟ ಕೈಯಲ್ಲ ಅದು.

"ನನ್ನ ಕೈಯಾಗ ಏನ್ ನೋಡಾಕತ್ತೀರಿ?"

"ಉಗುರು ಬೆಳದಾವ. ತೆಕ್ಕೋರಿ," ಎಂದು ಅವಳು ಕಿಟಕಿಗೆ ತಿರುಗಿದಳು. ಮರುದಿನ ಅವನು ಉಗುರು ತೆಗೆದಿದ್ದ. ಅವಳು ನೋಡಿದಳು, ಮಳಖೇಡ ದಾಟುವ ತನಕ ನಗು ತಡೆದುಕೊಂಡಳು.

ಮಜೀದಸಾಬರಿಗೆ ಕಣ್ಣು ಮಂಜಾಗಿ ಕೆಲಸ ಬಿಡುವ ಕಾಲ ಬಂತು. ಅದೇ ತಿಂಗಳು ಬಟ್ಟೆ ಕೊಳ್ಳುವ ಕಂಪನಿಯಿಂದ ಪತ್ರ ಬಂತು: ಚಿಂದಿ ಅರ್ಧಕ್ಕೆ ಇಳಿಯಬೇಕು, ಇಲ್ಲದಿದ್ದರೆ ಆರ್ಡರ್ ಬೇರೆ ಕಡೆ. ಚಿಂದಿ ಕಡಿಮೆ ಮಾಡುವ ಹಸಿರು ಕೌಶಲ ಎಂದು ಹೇಳಿ ಕರುಣಾಳನ್ನೂ ಇನ್ನು ಮೂವರು ಹೆಂಗಸರನ್ನೂ ಹಿಂದಿನ ವರ್ಷ ಕಲಬುರಗಿಗೆ ಮೂರು ವಾರದ ತರಬೇತಿಗೆ ಕಳಿಸಿದ್ದರು. ಅವರ ಸರ್ಟಿಫಿಕೇಟುಗಳು ಕಟ್ಟು ಹಾಕಿಸಿಕೊಂಡು ಮ್ಯಾನೇಜರ್ ಲಕ್ಷ್ಮಿಕಾಂತರ ಕೋಣೆಯ ಗೋಡೆಗೆ ಹೋದವು, ಹೆಂಗಸರು ತಮ್ಮ ತಮ್ಮ ಮಷೀನಿಗೆ ಬಂದರು. ಬಂದುಹೋಗುವವರಿಗೆ ತೋರಿಸಲು ಗೋಡೆ ಚೆಂದ ಕಾಣುತ್ತಿತ್ತು.

ಕರುಣಾ ನೇರ ಆ ಕೋಣೆಗೆ ನುಗ್ಗಿದಳು. "ಕಟಿಂಗ್ ಮಾಸ್ಟರ್ ಕೆಲಸಕ್ಕ ನನ್ನ ಹೆಸರೂ ಬರ್ಕೊಳ್ರಿ, ಸಾಹೇಬ್ರ."

ಲಕ್ಷ್ಮಿಕಾಂತ ನಕ್ಕರು. "ಅದು ಗಂಡಸರ ಕೆಲಸ ಅದವಾ. ಸಂಘಪಾಲ ಇದ್ದಾನಲ್ಲ. ನಿನಗ ಅರಿವಿ ಥಾನ್ ಎತ್ತೋದಾಗ್ತದೇನು?"

ಮೂಲೆಯಲ್ಲಿ ಬಟ್ಟೆ ಸುತ್ತಿದ ಒಂದು ಇಡೀ ಥಾನು ನಿಂತಿತ್ತು. ಕರುಣಾ ಅದನ್ನು ಹೆಗಲಿಗೆ ಎತ್ತಿಕೊಂಡು ಬಂದು ಅವರ ಮೇಜಿನ ಮೇಲೆ ಧಪ್ಪೆಂದು ಇಳಿಸಿದಳು. ಚಹಾದ ಕಪ್ಪು ಸದ್ದು ಮಾಡಿತು.

"ಪರ್ಸಿ ಹೊತ್ತ ಹೆಗಲ್ರೀ ಇದು. ಅರಿವಿಗೆ ಅಂಜ್ತದೇನು? ಗೋಡಿ ಮ್ಯಾಲ ನನ್ನ ಹೆಸರದ, ಓದ್ರಿ ಒಮ್ಮೆ."

ಪಕ್ಕದಲ್ಲಿ ಕೂತಿದ್ದ ಮಜೀದಸಾಬರು ಗಡ್ಡ ನೀವಿಕೊಂಡರು. "ಸಾಬ್, ಇಬ್ಬರೂ ಅಚ್ಚು ಹಾಸ್ಲಿ. ಆರು ಶರ್ಟು. ಯಾರ ಹಾಸು ಕಮ್ಮಿ ಅರಿವಿ ತಿಂತದ, ಟೇಬಲ್ ಅವರದು. ಇನ್ಸಾಫ್ ಆಗ್ತದ."

ಪತ್ರದ ಭಯ ಇದ್ದ ಲಕ್ಷ್ಮಿಕಾಂತ ಒಪ್ಪಿಕೊಂಡರು. ಒಬ್ಬ ಹೆಂಗಸು ಸೋಲುವುದನ್ನು ಎಲ್ಲರೂ ನೋಡಲಿ ಎಂಬ ಆಸೆಯೂ ಇತ್ತು.

ಆ ಸಂಜೆ ಗಾಡಿಯಲ್ಲಿ ಸಂಘಪಾಲ ಮೆಲ್ಲಗೆ ಹೇಳಿದ, "ನಿಮ್ಮ ಕೈಯಾಗ ಸೋತ್ರ ನನಗೇನೂ ಬ್ಯಾಸರ ಇಲ್ಲ ನೋಡ್ರಿ."

"ಸೋಲೋ ಮಾತು ಈಗೇ ಯಾಕ್ರಿ? ಸರಿಯಾಗಿ ಆಡ್ರಿ," ಎಂದು ಕರುಣಾ ಕಣ್ಣು ಬಿಟ್ಟಳು. ಅವನು ಆ ಕಣ್ಣನ್ನೇ ನೋಡಿದ, ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಬತ್ತು ಮಷೀನುಗಳೂ ನಿಂತವು. ಹೆಂಗಸರು ಗೋಡೆಗುಂಟ ನಿಂತರು. ಟೇಬಲ್ಲಿನ ಒಂದು ತುದಿಗೆ ಕರುಣಾ, ಇನ್ನೊಂದು ತುದಿಗೆ ಸಂಘಪಾಲ. ಇಬ್ಬರಿಗೂ ಒಂದೇ ಅಗಲದ ಬಟ್ಟೆ, ರಟ್ಟಿನ ಅವೇ ಅಚ್ಚುಗಳು, ಮೂರು ಅಳತೆಯ ಆರು ಶರ್ಟು. ಅಚ್ಚು ಇಟ್ಟು, ಚಾಕಿನಲ್ಲಿ ಸುತ್ತ ಗೆರೆ ಎಳೆಯಬೇಕು. ಗೆರೆ ಮುಗಿದಲ್ಲಿಗೆ ಅಳತೆ.

ಮಜೀದಸಾಬರು ಟೇಪು ಹಿಡಿದರು. ಕಣ್ಣು ಮಂಜಲ್ಲವೇ, ಕರುಣಾಳ ಪಕ್ಕದ ಮಷೀನಿನ ಉಮಾದೇವಿ ಓದಿ ಹೇಳಿದಳು. ಕರುಣಾಳದು ಆರು ಮೀಟರ್ ನಲವತ್ತು. ಸಂಘಪಾಲನದು ಆರು ಮೀಟರ್ ತೊಂಬತ್ತು.

ಹೆಂಗಸರು ಕೂಗಿದ ಕೂಗಿಗೆ ತಗಡಿನ ಮಾಡು ನಡುಗಿತು. ಕರುಣಾ ಗೆದ್ದ ಖುಷಿಯಲ್ಲೇ ಸಂಘಪಾಲನ ತುದಿಗೆ ನಡೆದು ಹೋದಳು, ಅವನು ಹಾಸಿದ್ದನ್ನು ನೋಡಿದಳು, ಅಲ್ಲೇ ನಿಂತಳು.

ಬೆನ್ನಿಗೂ ತೋಳಿಗೂ ನಡುವೆ ಎರಡು ಬೆರಳು ಸಂದು. ಕಾಲರಿನ ಪಕ್ಕ ಎರಡು ಬೆರಳು. ಇನ್ನೂ ನಾಲ್ಕು ಕಡೆ ಹಾಗೇ, ಅಳೆದು ಬಿಟ್ಟ ಹಾಗೆ. ಚಾಕಿನ ಗೆರೆಗಿಂತ ಹೆಚ್ಚು ಜಾಗ ಬಿಡದವನ ಕೈಯಿಂದ!

ಅವಳಿಗೆ ಮೈಯೆಲ್ಲ ಉರಿಯಿತು. "ಇದು ನಿಮ್ಮ ಕೈ ಅಲ್ಲ."

"ಸುಮ್ನಿರ್ರಿ, ಕರುಣಾ," ಅವನು ಪಿಸುಗುಟ್ಟಿದ. "ನಿಮಗ ಸಿಕ್ತಲ್ಲ, ಸಾಕು."

"ಸಿಕ್ಕಿಲ್ಲ. ನೀ ಕೊಟ್ಟಿ." ಇಷ್ಟು ದಿನದ 'ನೀವು' ಆ ಸಿಟ್ಟಿನಲ್ಲಿ ಎಲ್ಲೋ ಹಾರಿಹೋಯಿತು. "ನಾಳೆ ಈ ಟೇಬಲ್ಲಿನ ಮುಂದ ನಾ ಒಂದು ಮಾತು ಹೇಳಿದ್ರ ಗಂಡಸರು ಏನಂತಾರ? ಅಂವ ಬಿಟ್ಟುಕೊಟ್ಟ, ಇಕಿ ಕುಂತಾಳ ಅಂತಾರ. ಇವರು ಎಂಬತ್ತು ಮಂದಿ ಅದನ್ನ ಕೇಳ್ಕೋತ ಹೊಲಿಬೇಕೇನು?"

ಅವಳು ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ಸಾಹೇಬ್ರ, ಇದು ಆಟ ಆಗಿಲ್ಲ. ಮತ್ತ ಹಾಸ್ಬೇಕು."

"ಹುಚ್ಚಿ ಇದ್ದೀ ಏನು? ಗೆದ್ದೀದಿ, ಬಿಡವಾ!" ಉಮಾದೇವಿ ಅವಳ ಕೈ ಜಗ್ಗಿದಳು.

ಲಕ್ಷ್ಮಿಕಾಂತರ ಮುಖ ಅರಳಿತು. "ಮತ್ತ ಹಾಸು. ಆದ್ರ ಈಗ ಸೋತ್ರ ಕಟಿಂಗಿನ ಮಾತು ಮುಂದ ಎಂದೂ ಎತ್ತಂಗಿಲ್ಲ. ನೀನೂ ಇಲ್ಲ, ಬ್ಯಾರೆ ಯಾವ ಹೆಣಮಗಳೂ ಇಲ್ಲ."

ಕರುಣಾ ಗೋಡೆಗುಂಟ ನಿಂತ ಹೆಂಗಸರನ್ನು ನೋಡಿದಳು. ಉಮಾದೇವಿ ಅವಳ ಮುಖವನ್ನೇ ನೋಡಿ, ಜಗ್ಗಿದ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. "ಹಾಸು ಹಂಗಾದ್ರ," ಎಂದಳು. ಗೋಡೆಯ ಕಡೆಯಿಂದ ಇನ್ನೂ ನಾಲ್ಕು ದನಿ ಎದ್ದವು, "ಹಾಸವ್ವ, ಹಾಸು."

"ಎತ್ತಂಗಿಲ್ರಿ," ಎಂದಳು ಕರುಣಾ. ಆಮೇಲೆ ಸಂಘಪಾಲನ ಹತ್ತಿರ ಬಂದು ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು, "ನನ್ನ ಮ್ಯಾಲ ಖರೇ ಜೀವ ಇದ್ರ, ನನ್ನ ಸೋಲಿಸಾಕ ನೋಡು."

ಅವನು ಕಿವಿಯ ಪೆನ್ಸಿಲ್ ತೆಗೆದು ಕಿಸೆಗೆ ಹಾಕಿದ, ತೋಳು ಮಡಚಿದ.

ಈ ಸಲ ಅವನ ಕೈ ಅವನದೇ ಆಗಿತ್ತು. ಅಚ್ಚುಗಳು ಒಂದಕ್ಕೊಂದು ಅಂಟಿಕೊಂಡು ಕೂತವು. ಉಮಾದೇವಿ ಮೆಲ್ಲಗೆ ಓದಿದಳು. "ಆರು ಮೀಟರ್... ಮೂವತ್ತೆಂಟು."

ಕರುಣಾ ಮೊದಲು ಹಾಸಿದ್ದಕ್ಕಿಂತ ಎರಡು ಸೆಂಟಿಮೀಟರ್ ಕಡಿಮೆ.

ಕರುಣಾ ತನ್ನ ಸರದಿಗೆ ಬಂದು ಬರೀ ಬಟ್ಟೆಯ ಮುಂದೆ ನಿಂತಳು, ಅಚ್ಚು ಮುಟ್ಟಲಿಲ್ಲ. ಅವ್ವ ಅಂಗಳ ಹಾಸುವ ಮೊದಲು ಹೀಗೇ ನಿಲ್ಲುತ್ತಿದ್ದಳು. ಮೊದಲು ಹಾಸುವಾಗ ದೊಡ್ಡ ತುಂಡುಗಳನ್ನು ಕೂಡಿಸಿ, ಸಣ್ಣವನ್ನು ಉಳಿದ ಜಾಗಕ್ಕೆ ತುರುಕಿದ್ದೆ ಎಂದು ಅವಳಿಗೆ ಹೊಳೆಯಿತು. ಅವ್ವ ಹಾಗೆ ಮಾಡುತ್ತಿರಲಿಲ್ಲ. ಸಣ್ಣ ಕಲ್ಲು ಕೈಯಲ್ಲಿ ಹಿಡಿದುಕೊಂಡೇ ದೊಡ್ಡದನ್ನು ಇಡುತ್ತಿದ್ದಳು. ಕರುಣಾ ಎಡಗೈಯಲ್ಲಿ ಕಾಲರಿನ ಅಚ್ಚು ಹಿಡಿದಳು. ದೊಡ್ಡ ಅಳತೆಯ ಎರಡು ಬೆನ್ನುಗಳನ್ನು ತೋಳಿನ ತಿರುವು ಎದುರುಬದುರಾಗುವಂತೆ ಇಟ್ಟಳು. ನಡುವೆ ಉಳಿದ ಖಾಲಿ ಜಾಗದಲ್ಲಿ ಸಣ್ಣ ಅಳತೆಯ ಕಾಲರ್ ಎಳೆ ತಪ್ಪದೆ ಕೂತಿತು.

ಮಜೀದಸಾಬರು ಎರಡು ಸಲ ಅಳೆಸಿದರು. ಉಮಾದೇವಿ ಓದುವುದನ್ನು ಬಿಟ್ಟು ಕಿರುಚಿದಳು. "ಆರು ಮೂವತ್ತೊಂದು!"

ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಾಗಲಿಲ್ಲ. ಆ ಗದ್ದಲದಲ್ಲಿ ಕರುಣಾ ನೋಡಿದ್ದು ಸಂಘಪಾಲನನ್ನು ಮಾತ್ರ. ಅವನ ಮುಖ ಒಂದು ಕ್ಷಣ ಬಿಳುಪೇರಿತು. ಈ ಸಲದ ಸೋಲು ನಿಜವಾದದ್ದು, ನೋಯದೆ ಇರುತ್ತದೆಯೇ? ಆಮೇಲೆ ಅವನು ಬಂದು ಟೇಬಲ್ಲಿನ ಮೇಲೆ ಬಗ್ಗಿ ಆ ಕಾಲರನ್ನೇ ಬೆರಳಿನಿಂದ ಸುತ್ತು ಹಾಕಿದ.

"ಇದು ನನಗ ಹೊಳೀಲೇ ಇಲ್ಲ," ಎಂದ.

ಕರುಣಾಳಿಗೆ ಅವನ ಮೇಲೆ ಪ್ರೀತಿ ಮೊದಲೇ ಇತ್ತು. ಆ ಮಾತಿನ ಮೇಲೆ ಅದನ್ನು ಮುಚ್ಚಿಡುವ ಮನಸ್ಸು ಉಳಿಯಲಿಲ್ಲ.

ಸದ್ಯಕ್ಕೆ ಅವಳಿಗೆ ಬೇರೆ ಕೆಲಸವಿತ್ತು. "ಸಾಹೇಬ್ರ, ನಾಳೆ ಶನಿವಾರ. ಚಿಂದಿಗೆ ಬೆಂಕಿ ಹಚ್ಚಂಗಿಲ್ಲ. ಸೋಮವಾರದಿಂದ ಉಮಾದೇವಿ ನನ್ನ ಜೋಡಿ ಟೇಬಲ್ಲಿಗೆ ಬರ್ತಾಳ. ಅಕಿನೂ ಕಲೀಬೇಕು."

ಲಕ್ಷ್ಮಿಕಾಂತ ಏನೋ ಹೇಳಲು ಬಾಯಿ ತೆರೆದರು. ಎಂಬತ್ತು ಹೆಂಗಸರು ಅವರನ್ನೇ ನೋಡುತ್ತಿದ್ದರು. "ಆಗ್ಲಿ," ಎಂದು ಕೋಣೆಗೆ ಹೋದರು.

ಸಂಜೆಯ ಗಾಡಿಯಲ್ಲಿ ಅವಳ ಪಕ್ಕದ ಸೀಟಿನ ಮೇಲೆ ಚೀಲವಿತ್ತು. ಸಂಘಪಾಲ ಬಾಗಿಲ ಹತ್ತಿರವೇ ನಿಂತಿದ್ದ.

"ಕುಂದ್ರಿ," ಎಂದಳು. ಅವನು ಬಂದು ಕೂತ. "ಸಿಟ್ಟು ಬಂದದೇನು?"

"ಸಿಟ್ಟಲ್ಲ, ನಾಚಿಕಿ. ಮುಂಜಾನಿ ಮೋಸ ಮಾಡ್ದೆ. ನಿಮಗ ಏನಾದ್ರೂ ಕೊಡ್ಬೇಕು ಅನಸ್ತಿತ್ತು. ನನ್ನ ಕಡಿ ಅದೊಂದೇ ಇತ್ತು."

"ಬ್ಯಾರೆ ಏನೂ ಇಲ್ಲೇನು?" ಅವಳು ಕಿಟಕಿಯ ಕಡೆ ತಿರುಗಲಿಲ್ಲ, ನೇರ ಅವನನ್ನೇ ನೋಡಿದಳು. "ನನಗ ನೀ ಬೇಕು. ಶಹಾಬಾದಕ್ಕ ಬಾ, ನಮ್ಮವ್ವನ ಮುಂದ ಕುಂತು ಕೇಳು."

ಅವನ ಹುಬ್ಬಿನ ಚಾಕಿನ ಪುಡಿ ಮೇಲೇರಿತು. "ಏನಂತ ಕೇಳ್ಲಿ?"

"ಅದನ್ನೂ ನಾನೇ ಕಲಿಸ್ಬೇಕೇನು?"

"ಮತ್ತ? ಮಾಸ್ಟರ್ ಯಾರು?"

ಅವಳು ಚೀಲದಿಂದ ಅವನ ಮೊಣಕಾಲಿಗೆ ಹೊಡೆದಳು. ಇಬ್ಬರೂ ನಕ್ಕರು, ಎದುರಿಗೆ ಕೂತ ಅಜ್ಜಿಯೂ ಕಾರಣ ತಿಳಿಯದೆ ನಕ್ಕಳು.

ಚಿತ್ತಾಪುರ ಬಂತು. ಮಂದಿ ಇಳಿದರು. ಸಂಘಪಾಲ ಏಳಲಿಲ್ಲ. ಗಾಡಿ ಅಲುಗಿತು, ಪ್ಲಾಟ್‌ಫಾರ್ಮ್ ಹಿಂದಕ್ಕೆ ಸರಿಯಿತು.

"ನಿಮ್ಮೂರು ಹೋತು," ಎಂದಳು ಕರುಣಾ, ಮೆಲ್ಲಗೆ.

"ಹೋಗ್ಲಿ. ಆದ್ರ ನನ್ನ ಪಾಸು ಚಿತ್ತಾಪುರ ತನಕಾನೇ ಅದ. ಟಿಸಿ ಬಂದ್ರ ಏನ್ ಹೇಳೋದು?"

ಕರುಣಾ ಎಲ್ಲರೆದುರೇ ಅವನ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಕಳ್ಳ ಸಿಕ್ಕಾನ, ನಾನೇ ಹಿಡಿದೀನಿ ಅಂತ ಹೇಳ್ತೀನಿ."