ಪಕ್ಕದ ನಗರದ ಮೊದಲನೇ ಬೀಗದವನು

ಭಾವಮೈದುನ ಊಟದ ಮಧ್ಯೆ ಫೋನನ್ನು ತಟ್ಟೆಯ ಪಕ್ಕಕ್ಕೆ ಜರುಗಿಸಿ, ಮನೆಮಂದಿಗೆಲ್ಲ ಕೇಳುವ ಹಾಗೆ ಹೇಳಿದ.

“ಭಾವ, ನಮ್ಮ ಸಿಟೀಲಿ ಬೀಗ ರಿಪೇರಿ ಅಂತ ಹುಡುಕಿದ್ರೆ ಮೊದಲನೇ ಹೆಸರು ನಂದು. ನಿಮ್ಮದೂ ಇರಬಹುದು ಅಂತ ತಳ್ಳಿ ತಳ್ಳಿ ನೋಡಿದೆ. ಬೆರಳು ಸವೀತೇ ಹೊರತು ನೀವು ಸಿಗಲಿಲ್ಲ.”

ಅತ್ತೆ ನಕ್ಕರು. ಹೆಂಡತಿಯೂ ನಕ್ಕಳು. ನಕ್ಕು ಸುಮ್ಮನಾಗಿದ್ದರೆ ಸರಿಹೋಗುತ್ತಿತ್ತು. “ನಾನೂ ಅದನ್ನೇ ಹೇಳ್ತಿರೋದು. ಈ ವರ್ಷ ಅಂಗಡಿ ಮುಚ್ಚಿ ಇವನ ಹತ್ರಾನೇ ಸೇರ್ಕೊಳ್ಳಿ. ಸಂಬಳ ಆದ್ರೂ ನೆಟ್ಟಗೆ ಬರುತ್ತೆ” ಅಂದಳು.

ಬೀಗದವನು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ. ಈ ಮನುಷ್ಯನಿಗೆ ಅರ ಹಿಡಿಯಲು ಕಲಿಸಿದವನೇ ಅವನು. ಕಲಿಸಿದ್ದು ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಗಿತ್ತು. ಭಾವಮೈದುನ ಮಾಡಿದ ಕೀಲಿ ಬೀಗದೊಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಅಂಥವನು ಪಕ್ಕದ ನಗರಕ್ಕೆ ಹೋಗಿ, ಇಸ್ತ್ರಿ ಅಂಗಿ ತೊಟ್ಟು, ಡ್ರಿಲ್ ಹಿಡಿದು ಒಳ್ಳೊಳ್ಳೆ ಬೀಗಗಳ ಹೊಟ್ಟೆ ಬಗೆದು, ಹೊಸದನ್ನು ಮಾರಿ ದೊಡ್ಡ ಮನುಷ್ಯನಾಗಿದ್ದ. ಕಟುಕನನ್ನು ವೈದ್ಯ ಎಂದು ಕರೆಯುವ ಊರು ಅದು. ಅಂಥವನ ಕೈಕೆಳಗೆ ಕೆಲಸಕ್ಕೆ ನಿಲ್ಲುವುದಕ್ಕಿಂತ ತನ್ನ ಕೈಯನ್ನೇ ಕತ್ತರಿಸಿಕೊಳ್ಳುವುದು ಮೇಲು.

ಅವತ್ತೇ ತೀರ್ಮಾನವಾಯಿತು. ಆ ನಗರದಲ್ಲಿ ಮೊದಲನೇ ಹೆಸರು ತನ್ನದಾಗಬೇಕು.

ಫೋನಿನಲ್ಲಿ ವಿಡಿಯೋಗಳನ್ನು ನೋಡಿ ಗುಟ್ಟು ತಿಳಿದುಕೊಂಡ. ಗುಟ್ಟು ಎನ್ನಲೂ ನಾಚಿಕೆಯಾಗಬೇಕು, ಅಷ್ಟು ಸುಲಭವಾಗಿತ್ತು. ಫೋನಿನ ಮ್ಯಾಪಿಗೆ ಕೈಚಳಕ ಗೊತ್ತಿಲ್ಲ, ಅದು ಕೇಳುವುದು ವಿಳಾಸವನ್ನು. ಹುಡುಕುವವನ ಹತ್ತಿರದಲ್ಲೇ ಅಂಗಡಿ ಇರಬೇಕು, ಅದನ್ನು ಹೊಗಳಿ ನಾಲ್ಕು ಜನ ಬರೆದಿರಬೇಕು. ಅಂಗಡಿ ನಿನ್ನದೇ ಎಂದು ತೋರಿಸಲು ಒಂದು ವಿಡಿಯೋ ಕಳಿಸಬೇಕು. ಮೊದಲು ಬೋರ್ಡು, ಆಮೇಲೆ ನಿನ್ನ ಮುಖ, ಆಮೇಲೆ ನಿನ್ನ ಕೈಯಿಂದಲೇ ಬೀಗ ತೆಗೆಯುವುದು, ಕೊನೆಗೆ ಅಂಗಡಿಯ ಒಳಗು. ಕೀಲಿ ಇದ್ದವನೇ ಯಜಮಾನ ಎಂದು ಆ ಮ್ಯಾಪ್ ಕಂಪನಿಯ ಬುದ್ಧಿವಂತರು ತಿಳಿದಿದ್ದರು. ಬೀಗದವನಿಗೆ ನಗು ಬಂತು. ಕುರಿ ಎಣಿಸಲು ತೋಳನನ್ನು ಕರೆದ ಹಾಗಾಯಿತು.

ಬೇಕಾದ ಅಂಗಡಿ ಆ ನಗರದ ಹಳೆಯ ಚಿತ್ರಮಂದಿರದ ಹಿಂದಿನ ಬೀದಿಯಲ್ಲಿ ಸಿಕ್ಕಿತು. ನೀಲಿ ಶಟರ್, ಅದರ ಮೇಲೆ ಹರಿದ ಪೋಸ್ಟರು, ಮೂಲೆಯಲ್ಲಿ ಜೇಡರ ಬಲೆ. ಪಕ್ಕದ ದರ್ಜಿಯನ್ನು ಬಾಡಿಗೆ ಕೇಳುವವನ ಹಾಗೆ ವಿಚಾರಿಸಿದ.

“ಅದಾ? ಯಜಮಾನ ಸತ್ತು ವರ್ಷಗಳಾಯ್ತು. ಅಣ್ಣತಮ್ಮಂದಿರು ಕೋರ್ಟಲ್ಲಿ ಜಗ್ಗಾಡ್ತಿದಾರೆ. ಈ ಕಡೆ ತಲೆ ಹಾಕೋರಿಲ್ಲ. ಆಸೆ ಬಿಡಿ” ಅಂದ ದರ್ಜಿ, ಸೂಜಿಯಿಂದ ಕಣ್ಣೆತ್ತದೆ.

ಕತ್ತಲಲ್ಲಿ ಬೀಗ ತೆಗೆಯುವವರು ಪೆದ್ದರು. ಅವನು ದರ್ಜಿ ಊಟಕ್ಕೆ ಹೋಗುವ ನಡುಮಧ್ಯಾಹ್ನವನ್ನೇ ಆರಿಸಿಕೊಂಡ. ಹೆಗಲಿಗೆ ಚೀಲ, ಕೈಯಲ್ಲಿ ಅರ, ಮುಖದಲ್ಲಿ ಬೇಸರ. ಬೇಸರಪಟ್ಟುಕೊಂಡು ಕೆಲಸ ಮಾಡುವವನನ್ನು ಲೋಕದಲ್ಲಿ ಯಾರೂ ಅನುಮಾನಿಸುವುದಿಲ್ಲ. ವರ್ಷಗಟ್ಟಲೆ ಮುಚ್ಚಿದ ಬೀಗ ತುಕ್ಕು ಹಿಡಿದು ಸತಾಯಿಸುತ್ತದೆಂದು ಒಂದು ಬಾಟಲಿ ಎಣ್ಣೆಯನ್ನೂ ತಂದಿದ್ದ. ಅದು ಬೇಕಾಗಲಿಲ್ಲ. ಇನ್ನೂ ಹಲ್ಲು ಕೊರೆಯದ ಖಾಲಿ ಕೀಲಿಯನ್ನು ಒಳಗೆ ಹಾಕಿ ತಿರುಗಿಸಿ, ಬಿದ್ದ ಗುರುತನ್ನು ಅರದಿಂದ ಉಜ್ಜಿ, ಮತ್ತೆ ಹಾಕಿ, ಮತ್ತೆ ಉಜ್ಜಿ. ದರ್ಜಿಯ ಊಟ ಮುಗಿಯುವ ಮೊದಲೇ ಬೀಗ ಬೆಣ್ಣೆಯ ಹಾಗೆ ತಿರುಗಿತು. ಇದಪ್ಪ ಕೈ ಅಂದರೆ, ಅಂದುಕೊಂಡ. ಭಾವಮೈದುನ ಆಗಿದ್ದರೆ ಇಷ್ಟು ಹೊತ್ತಿಗೆ ಡ್ರಿಲ್‌ಗೆ ಕರೆಂಟು ಹುಡುಕುತ್ತಿದ್ದ.

ಮಾರನೆಯ ಮಧ್ಯಾಹ್ನ ತನ್ನ ಹೆಸರಿನ ಫ್ಲೆಕ್ಸ್ ಬೋರ್ಡನ್ನು ಶಟರಿನ ಮೇಲೆ ನೇತುಹಾಕಿ ವಿಡಿಯೋ ಶುರುಮಾಡಿದ. ಬೋರ್ಡು ತೋರಿಸಿದ. ಮುಖ ತೋರಿಸಿದ, ಮೀಸೆ ತಿದ್ದಿಕೊಂಡೇ. ಬೀಗ ತೆಗೆದು ಶಟರನ್ನು ಸೊಂಟದವರೆಗೆ ಎತ್ತಿ, ಬೆನ್ನು ತಿರುಗಿಸಿ ಬೀದಿಯ ಕಡೆ ಮುಖಮಾಡಿ ನಿಂತು, ಫೋನು ಹಿಡಿದ ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಒಳಗೆ ಒಂದು ಸುತ್ತು ತಿರುಗಿಸಿದ. ಬೀಗ ತೆಗೆದವನು ಒಳಗೆ ನೋಡಬಾರದು. ಅದು ಅವನ ಅಪ್ಪ ಕಲಿಸಿದ್ದು. ‘ಬೀಗ ನಿನ್ನದು, ಬಾಗಿಲಾಚೆ ಇರೋದು ಅವರದು.’ ಭಾವಮೈದುನನಂಥ ಹಲ್ಕಟ್‌ಗಳು ಗಿರಾಕಿಯ ಮನೆಯೊಳಗೆ ಇಣುಕಿ ಟೀವಿಯ ಬೆಲೆ ಕೇಳುತ್ತಾರೆ. ತಾನು ಕಳ್ಳಕೆಲಸ ಮಾಡುವಾಗಲೂ ಮರ್ಯಾದಸ್ಥ ಎಂದು ಅವನಿಗೆ ಹೆಮ್ಮೆಯಾಯಿತು. ವಿಡಿಯೋ ಅಲ್ಲಿಂದಲೇ ಕಂಪನಿಗೆ ಹೋಯಿತು. ಬೋರ್ಡು ಚೀಲಕ್ಕೆ, ಕೀಲಿ ತನ್ನ ಗೊಂಚಲಿಗೆ.

ಇನ್ನು ಹೊಗಳಿಕೆ. ನಂಟರ ಫೋನುಗಳನ್ನು ರಿಪೇರಿ ನೋಡುವ ನೆಪದಲ್ಲಿ ಇಸಿದುಕೊಂಡು ತಾನೇ ಬರೆದ. ಅತ್ತೆಯ ಫೋನಿನಿಂದ ಬರೆದದ್ದು ಅವನಿಗೆ ಬಲು ಇಷ್ಟವಾಯಿತು. ‘ಅಂಗಡಿ ತುಂಬಾ ಸಾಮಾನಿದೆ. ಯಾವ ಹೊತ್ತಿಗೆ ಹೋದರೂ ಯಜಮಾನರೇ ಬಾಗಿಲು ತೆರೆಯುತ್ತಾರೆ. ವರ್ಷಗಳಿಂದ ಇಲ್ಲೇ ನಮ್ಮ ವ್ಯವಹಾರ.’ ಅತ್ತೆ ಬದುಕಿನಲ್ಲಿ ಅಳಿಯನ ಬಗ್ಗೆ ಆಡಿದ ಒಂದೇ ಒಳ್ಳೆಯ ಮಾತು ಅದು. ಅದನ್ನೂ ಅಳಿಯನೇ ಬರೆಯಬೇಕಾಯಿತು.

ಅವನ ಹೆಸರು ಮೇಲೇರಿತು. ಕೊನೆಗೊಂದು ಬೆಳಿಗ್ಗೆ ಭಾವಮೈದುನ ಎರಡನೆಯವನಾಗಿದ್ದ. ಬೀಗದವನು ಫೋನನ್ನು ಹೆಂಡತಿಯ ಮುಖಕ್ಕೆ ಹಿಡಿದ.

“ಅಯ್ಯೋ! ನೀವು ಅಲ್ಲಿ ಅಂಗಡಿ ಇಟ್ಟಿದೀರಾ?”

“ನಿನ್ನ ತಮ್ಮನ್ನ ಕೇಳು. ಕೆಲಸ ಬೇಕಾದ್ರೆ ಬರಲಿ, ಕಸ ಗುಡಿಸೋಕೆ ಜನ ಬೇಕಾಗಿದೆ.”

ಆ ಮಾತಿನ ಖುಷಿ ಇಳಿಯುವ ಮುಂಚೆಯೇ ಮೊದಲ ಗಿರಾಕಿಯ ಫೋನು ಬಂತು.

“ಬೀಗದವರಾ? ಒಂದು ಶಟರ್ ತೆಗೀಬೇಕಿತ್ತು. ಮ್ಯಾಪಲ್ಲಿ ಹುಡುಕಿದ್ರೆ ನೀವೇ ಮೊದಲು ಬಂದ್ರಿ.”

“ಬರಲೇಬೇಕಲ್ಲ.”

“ನಿಮ್ಮ ಅಂಗಡಿ ಯಾವುದು? ದರ್ಜಿ ಪಕ್ಕದ್ದು, ನೀಲಿ ಶಟರ್ ಅಂತ ತೋರಿಸ್ತಿದೆ. ಅದರ ಮುಂದೇನೇ ನಿಂತಿದೀವಿ. ಮುಚ್ಚಿದೆಯಲ್ಲ?”

ತಡವರಿಸಿದರೆ ಕೆಟ್ಟಿತು. ಅವನು ತಡವರಿಸಲಿಲ್ಲ. “ಈಗ ತಾನೆ ಮುಚ್ಕೊಂಡು ಕೆಲಸಕ್ಕೆ ಬಂದೆ. ಅದು ನಂದೇ. ವರ್ಷಗಳಿಂದ ನಂದೇ.”

“ಕೀಲಿ ನಿಮ್ಮ ಹತ್ರಾನೇ ಇರುತ್ತಾ?”

“ಇನ್ಯಾರ ಹತ್ರ ಇರುತ್ತೆ ಸ್ವಾಮಿ?”

“ಒಳ್ಳೇದು ಸಾರ್. ಬನ್ನಿ, ಕಾಯ್ತಿರ್ತೀವಿ.”

ಬಸ್ಸಿನ ದಾರಿಯುದ್ದಕ್ಕೂ ಆ ‘ಸಾರ್’ ಅವನ ಕಿವಿಯಲ್ಲಿ ಸಿಹಿಯಾಗಿ ಉಳಿದಿತ್ತು.

ನೀಲಿ ಶಟರಿನ ಮುಂದೆ ಪೊಲೀಸ್ ಜೀಪು ನಿಂತಿತ್ತು. ಅದನ್ನು ಕಂಡೂ ಅವನ ಲೆಕ್ಕಾಚಾರ ನಿಲ್ಲಲಿಲ್ಲ. ಹೆಚ್ಚೆಂದರೆ ಸುಳ್ಳು ವಿಳಾಸ ಎಂದು ಬೈದು ಕಳಿಸುತ್ತಾರೆ. ಪೊಲೀಸರಿಗೆ ತಲೆ ಇದ್ದಿದ್ದರೆ ಅವರೇಕೆ ಪೊಲೀಸರಾಗುತ್ತಿದ್ದರು?

“ಯಾವ ಶಟರ್ ಸಾರ್ ತೆಗೀಬೇಕಾಗಿರೋದು?”

“ಇದೇ” ಅಂದ ಇನ್ಸ್‌ಪೆಕ್ಟರ್, ಬಹಳ ವಿನಯದಿಂದ. “ಬೀಗದವರನ್ನ ಕರೆಸಿ ತೆಗೆಸೋಣ ಅಂತ ಹುಡುಕಿದ್ವಿ. ನೋಡಿದ್ರೆ ಬೀಗದವರ ಅಂಗಡೀನೇ! ನಮ್ಮ ಅದೃಷ್ಟ. ತೆಗೀರಿ ಯಜಮಾನ್ರೇ.”

ಗೊಂಚಲಿನಿಂದ ಕೀಲಿ ಹಾಕಿದ. ಬೆಣ್ಣೆಯ ಹಾಗೆ ತಿರುಗಿತು. ಶಟರ್ ಎತ್ತಿ, ಅಭ್ಯಾಸದಂತೆ ಬೆನ್ನು ತಿರುಗಿಸಿ ನಿಂತ.

“ಯಾಕೆ, ನಿಮ್ಮ ಅಂಗಡಿ ನೀವೇ ನೋಡಲ್ವಾ?”

ಅವನು ಮೊದಲ ಸಲ ಒಳಗೆ ನೋಡಿದ. ನಂಬರ್ ಪ್ಲೇಟ್ ಕಿತ್ತ ಬೈಕುಗಳು ಹಿಂದಿನ ಗೋಡೆಯವರೆಗೂ ಒಂದಕ್ಕೊಂದು ಒರಗಿ ನಿಂತಿದ್ದವು. ಊರಲ್ಲಿ ಕಳುವಾದದ್ದೆಲ್ಲ ಇಲ್ಲೇ ಸೇರಿದ ಹಾಗಿತ್ತು.

“ಅಂಗಡಿ ತುಂಬಾ ಸಾಮಾನಿದೆ” ಎಂದು ಇನ್ಸ್‌ಪೆಕ್ಟರ್ ಫೋನು ನೋಡಿ ಓದಿದ. “ಯಾರ್ರೀ ಈ ಹೆಂಗಸು, ವರ್ಷಗಳಿಂದ ಇಲ್ಲಿ ವ್ಯವಹಾರ ಮಾಡೋಳು?”

“ನಮ್ಮ ಅತ್ತೆ” ಎಂಬ ಮಾತು ಬಾಯಿಂದ ಜಾರಿತು.

ಆಮೇಲೆ ಅವನು ನಿಜವನ್ನೇ ಹೇಳಿದ. ಅಂಗಡಿ ತನ್ನದಲ್ಲ, ಮೂಲ ಕೀಲಿಯನ್ನು ತಾನು ಕಂಡೇ ಇಲ್ಲ, ಮುಚ್ಚಿದ ಬೀಗಕ್ಕೆ ಬರೀ ಕೈಚಳಕದಿಂದ ಕೀಲಿ ಮಾಡಿದೆ ಎಂದು. ಅದು ಆಗುವ ಮಾತೇ ಎಂದು ಕೇಳಲು ಇನ್ಸ್‌ಪೆಕ್ಟರ್ ಮ್ಯಾಪಿನ ಎರಡನೆಯ ಹೆಸರಿಗೆ ಫೋನು ಮಾಡಿಸಿದ. ಭಾವಮೈದುನ ಇಸ್ತ್ರಿ ಅಂಗಿಯಲ್ಲಿ ಓಡೋಡಿ ಬಂದ. ಬೈಕುಗಳನ್ನು ನೋಡಿದ, ಭಾವನನ್ನು ನೋಡಿದ, ಕಣ್ಣಲ್ಲಿ ನೀರು ತುಂಬಿಕೊಂಡ. ಹೇಗಾದರೂ ಭಾವನ ಮರ್ಯಾದೆ ಉಳಿಸಬೇಕೆಂದು ಬೀಗವನ್ನು ಕೈಗೆತ್ತಿಕೊಂಡು, ಮೂಸಿ, ಬದುಕಿನಲ್ಲಿ ಮೊದಲ ಬಾರಿಗೆ ಗುರುವನ್ನು ಹೊಗಳಿದ.

“ಬೀಗ ಸಾಕೋದು ಅಂದ್ರೆ ನಮ್ಮ ಭಾವಾನೇ ಸಾರ್. ನೋಡಿ, ಒಳಗೆಲ್ಲ ಹೊಸ ಎಣ್ಣೆ. ಒಂದು ಚೂರು ತುಕ್ಕಿಲ್ಲ. ದಿನಾ ತೆಗೆದು ಹಾಕೋ ಬೀಗ ಇದು. ಇಷ್ಟು ಚೆನ್ನಾಗಿ ಅವರ ಬಿಟ್ರೆ ಇನ್ಯಾರೂ ನೋಡ್ಕೊಳ್ಳಲ್ಲ.”

ಇನ್ಸ್‌ಪೆಕ್ಟರ್ ತಲೆಯಾಡಿಸಿ ಬೀಗದವನ ಚೀಲವನ್ನು ನೆಲಕ್ಕೆ ಸುರಿಸಿದ. ಅರಗಳು, ಖಾಲಿ ಕೀಲಿಗಳು, ಮಡಿಸಿದ ಬೋರ್ಡು ಬಿದ್ದವು. ಕಡೆಯಲ್ಲಿ ಎಣ್ಣೆಯ ಬಾಟಲಿ ಉರುಳಿಕೊಂಡು ಬಂದು ಬೀಗದವನ ಕಾಲಿಗೆ ತಾಗಿ ನಿಂತಿತು. ಬಾಯಿಯವರೆಗೆ ತುಂಬಿತ್ತು, ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ.